ಎರಡೂವರೆ ತಾಸಿನ ದ್ವೀಪ

ಮೊದಲು ಇಳಿಯುವವು ಕೊಡೆಗಳು.
ಆಮೇಲೆ ಬಕೆಟ್ಟಿನ ಕಾಂಕ್ರೀಟಿನಲ್ಲಿ ನಿಲ್ಲಿಸಿದ
ನಾಲ್ಕು ಪ್ಲಾಸ್ಟಿಕ್ ತೆಂಗು, ಐಸ್ ಪೆಟ್ಟಿಗೆ, ಚಾಪೆ, ವಾಲಿಬಾಲಿನ ನೆಟ್ಟು,
ಮೂರು ಭಾಷೆಯಲ್ಲಿ ಸ್ವಾಗತ ಬರೆದ ಹಲಗೆ.
ಎಂಟು ಗಂಟೆಗೆ ಇಲ್ಲಿ ಸಮುದ್ರವಿತ್ತು.
ಈಗ ಜರಾದಾ:
ಕಡಲು ಹೊಟ್ಟೆ ಒಳಗೆಳೆದುಕೊಂಡಾಗ
ಎದ್ದು ಕಾಣುವ ಒಂದೇ ಒಂದು ಪಕ್ಕೆಲುಬು.
ನಾವು ಅದಕ್ಕೆ ಅಂಗಿ ತೊಡಿಸುತ್ತೇವೆ.

ಹೇಳುವುದು ನನ್ನ ಕೆಲಸ. ಹೇಳುತ್ತೇನೆ:
ಆ ಕಡೆ ಈಜಿ, ಈ ಕಡೆ ಬೇಡ, ಸೆಳೆತವಿದೆ.
ಕಯಾಕು ಅರ್ಧ ಗಂಟೆಗೆ ಮೂರು ದಿನಾರು.
ಮುಳುಗುವ ಕನ್ನಡಕ ಪುಕ್ಕಟೆ, ಕಳೆದರೆ ಪುಕ್ಕಟೆಯಲ್ಲ.
ಚಿಪ್ಪು ನೀವೇ ಹೆಕ್ಕಿ, ನೀವೇ ಬಿಡಿಸಿ,
ಮುತ್ತು ಸಿಕ್ಕರೆ ನಿಮ್ಮದು.
ಆರು ವರ್ಷದಲ್ಲಿ ಸಿಕ್ಕಿದ್ದು ಹನ್ನೊಂದು,
ಎಲ್ಲಕ್ಕಿಂತ ದೊಡ್ಡದು ಸಾಸಿವೆಗಿಂತ ಒಂದು ಗುಲಗಂಜಿ ಜಾಸ್ತಿ;
ಆ ಚೀರಾಟ ಮಾತ್ರ
ನಮ್ಮ ಗಂಗೊಳ್ಳಿ ಬಂದರಿಗೂ ಕೇಳಿರಬೇಕು.

ದೋಣಿ ಬೂ ರಾಶಿದನದು.
ಅವನ ಅಜ್ಜ ಮೂಗಿಗೆ ಮೂಳೆಯ ಚಿಮಟ ಸಿಕ್ಕಿಸಿ
ಕಾಲಿಗೆ ಕಲ್ಲು ಕಟ್ಟಿ ಇದೇ ನೀರಿಗೆ ಇಳಿದವನು,
ನಲವತ್ತು ತುಂಬುವ ಮೊದಲೇ ಕಿವುಡಾದ.
ಮೊಮ್ಮಗ ಸ್ಟೀರಿಂಗ್ ಹಿಂದೆ ಕೂತು ಚಾ ಕುಡಿಯುತ್ತ
ಬಾಡಿಗೆ ಕನ್ನಡಕದಲ್ಲಿ ಮುತ್ತು ಹುಡುಕುವವರನ್ನು ನೋಡುತ್ತಾನೆ.
ನಗುವುದಿಲ್ಲ.

ಈ ಶುಕ್ರವಾರ ಇಪ್ಪತ್ತಾರು ಜನ.
ಇಪ್ಪತ್ತೈದು ಮಂದಿ ಫೋನೆತ್ತಿಕೊಂಡು ನೀರಿಗೆ ಓಡಿದರು.
ಇಪ್ಪತ್ತಾರನೆಯವಳು ಚಾಪೆಯ ಮೇಲೆ ಕೂತು
"ಉಸ್ಸಪ್ಪಾ" ಅಂದಳು.
ಯಾವ ಪಾಸ್‌ಪೋರ್ಟೂ ಊರನ್ನು ಅಷ್ಟು ಚೊಕ್ಕವಾಗಿ ಹೇಳುವುದಿಲ್ಲ.

ಪಟ್ಟಿ ನೋಡಿದೆ: ಯಶವಂತಿ ಕಾಂಚನ್, ಲಕ್ಕಿ ಡ್ರಾ ಟಿಕೆಟ್ಟು.
ಕೊರಳಲ್ಲಿ ಆಸ್ಪತ್ರೆಯ ಚೀಟಿ, ಬಿಚ್ಚಲು ಮರೆತದ್ದು.
"ರಾತ್ರಿ ಪಾಳಿಯಾ?"
"ಸಾಲಾಗಿ ನಾಲ್ಕನೇದು," ಅಂದಳು,
ಕನ್ನಡ ಕೇಳಿ ಆಶ್ಚರ್ಯಪಡಲೂ ತ್ರಾಣವಿಲ್ಲದೆ.
"ಇಲ್ಲಿ ಏನೇನು ನೋಡುವುದಿದೆ?"
ನಾನು ಬಾಯಿ ತೆರೆಯುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಎಂಥಾ ನಿದ್ದೆ ಮಾರಾಯರೇ!
ಚೆಂಡು ಬಂದು ಬೆನ್ನಿಗೆ ಬಡಿದರೂ,
ಜೆಟ್ ಸ್ಕೀ ಮೂರು ಸುತ್ತು ಹಾಕಿ ಅರಚಿದರೂ,
ಸ್ಪೀಕರಿನಲ್ಲಿ ಒಂದೇ ಹಾಡು ಒಂಬತ್ತು ಸಲ ಕುಣಿದರೂ
ಮಿಸುಕಲಿಲ್ಲ.
ಕಾಲ್ಬೆರಳು ಸಡಿಲ, ಅಂಗೈ ಮೇಲ್ಮುಖ,
ಯಾರ ನಾಡಿಯನ್ನೂ ಹಿಡಿಯಬೇಕಿಲ್ಲದ ಕೈ.

ಹತ್ತು ಐವತ್ತಕ್ಕೆ ನೀರು ತಿರುಗಿತು.
ಇಲ್ಲಿ ಅದು ಅಲೆಯಾಗಿ ಬರುವುದಿಲ್ಲ. ಮೊದಲು
ಹೆಜ್ಜೆಗುರುತು ತುಂಬುತ್ತದೆ, ಅಡಿಯಿಂದ,
ಯಾರೋ ಕಾಣದಂತೆ ಬಟ್ಟಲಿಗೆ ಬಡಿಸಿದ ಹಾಗೆ.
ನೆಟ್ಟು ಬಿಚ್ಚಿದೆ. ಸ್ವಾಗತ ಕಿತ್ತೆ.
ತೆಂಗಿನ ಮರಗಳನ್ನು ಒಂದೊಂದಾಗಿ ಕಂಕುಳಲ್ಲಿ ಸಾಗಿಸಿದೆ.
ಒಂದು ಬಿಟ್ಟು ಉಳಿದೆಲ್ಲ ಕೊಡೆ ಮಡಚಿದೆ.
ಹತ್ತಿದವರನ್ನು ಎಣಿಸಿದೆ: ಇಪ್ಪತ್ತೈದು.

ಬೂ ರಾಶಿದನ ಹೆಬ್ಬೆರಳು ಹಾರ್ನಿನ ಮೇಲಿತ್ತು.
ಚಾಪೆಯ ಕಡೆ ನೋಡಿದ. ಬೆರಳು ತೆಗೆದ.
ಇನ್ನೊಂದು ಲೋಟ ಚಾ ಬಗ್ಗಿಸಿಕೊಂಡ.
ಊಟಕ್ಕೆ ತಡವಾಗುತ್ತದೆಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು.
ಅವನಿಗೆ ಆಗ ಅಜ್ಜನ ಕಿವಿ.

ದ್ವೀಪ ಆ ಹೊತ್ತಿಗೆ ಚಾಪೆಯಷ್ಟಿತ್ತು,
ಅಂಚಿಗೆ ನಾಲ್ಕು ಬೆರಳು ಹೆಚ್ಚು.
ಮೇಲೊಂದು ಕೊಡೆ, ಅಡಿಯಲ್ಲಿ ಒಬ್ಬಳು,
ಮಿಕ್ಕಿದ್ದೆಲ್ಲ ಹಸಿರು ನೀರು.
ಕಂಪನಿಯ ಪೋಸ್ಟರಿಗೆ ಇಂಥದ್ದೇ ಬೇಕು ಅನ್ನುತ್ತಾರೆ.
ನಾನು ತೆಗೆಯಲಿಲ್ಲ.

ಹಿಮ್ಮಡಿಗೆ ನೀರು ತಾಗಿತು. ದಡಕ್ಕನೆ ಎದ್ದು
"ಎಷ್ಟನೇ ಬೆಡ್ಡು?" ಅಂದಳು.
ಸುತ್ತ ನೋಡಿದಳು. "ದ್ವೀಪ ಎಲ್ಲಿ?"
"ಕೂತಿದ್ದೀರಲ್ಲ."

ಮೊಣಕಾಲು ನೀರಿನಲ್ಲಿ ಚಾಪೆಯ ಆ ತುದಿ ಅವಳು, ಈ ತುದಿ ನಾನು.
ಕೆನ್ನೆ ತುಂಬ ಚಾಪೆಯ ಹೆಣಿಗೆ ಮೂಡಿತ್ತು,
ಸಿತ್ರಾ ಜೆಟ್ಟಿ ಬಂದರೂ ಅಳಿಯಲಿಲ್ಲ.
"ಚಂದ ಇತ್ತು ಜಾಗ," ಅಂದು ಇಳಿದು ಹೋದಳು.

ಆ ಗಡಿಬಿಡಿಯಲ್ಲಿ ಕೊಡೆ ಕಡಲ ಪಾಲಾಗಿತ್ತು.
ನಾಲ್ಕು ದಿನಾರು ನಿನ್ನ ಲೆಕ್ಕಕ್ಕೆ ಅಂದರು ಆಫೀಸಿನಲ್ಲಿ.
ಬರೆದುಕೊಳ್ಳಿ, ಅಂದೆ.